ಸಲ್ವಾನಿ ರುಚಿ ನೋಡಿದ ದಿನ

ಉಪವಾಸದ ತಿಂಗಳಲ್ಲಿ ಅಡುಗೆಯವರು ಕಣ್ಣು, ಮೂಗು, ಕೈಯಂದಾಜು ಇಷ್ಟನ್ನೇ ನಂಬಿ ಅಡುಗೆ ಮಾಡಬೇಕು. ನಾಲಿಗೆಯ ತುದಿಗೆ ತಾಗಿಸಿ ಉಗುಳಿಬಿಟ್ಟರೆ ಉಪವಾಸ ಮುರಿಯುವುದಿಲ್ಲ ಎಂದು ರೇಡಿಯೋದಲ್ಲಿ ಉಸ್ತಾದರು ಪ್ರತಿ ವರ್ಷ ಹೇಳುತ್ತಾರೆ. ನನ್ನ ಅತ್ತಿಗೆ ಕಲ್ಸೋಮ್ ಅದನ್ನು ಒಪ್ಪಿದವಳಲ್ಲ. "ಉಸ್ತಾದರು ಒಂದಿನ ಬಂದು ನನ್ನ ಒಲೆ ಮುಂದೆ ನಿಂತ್ಕೊಳ್ಲಿ. ನಾಲಿಗೆಗೆ ತಾಗಿದ್ದು ಗಂಟಲಿಗೆ ಇಳೀದೆ ಇರುತ್ತಾ ನೋಡೋಣ," ಎನ್ನುತ್ತಾಳೆ. ಹಾಗಾಗಿ ಮೂವತ್ತು ವರ್ಷದಿಂದ ನಮ್ಮಲ್ಲಿ ಒಂದೇ ಪದ್ಧತಿ. ಸಾರು ಕುದಿ ಬಂದಾಗ ಅವಳು ಸೌಟು ಹಿಡಿದು ಕೇಳುತ್ತಾಳೆ, "ಇವತ್ತು ಯಾರಿಗೆ ರಜೆ?"

ರಜೆ ಎಂದರೆ ಹೆಂಗಸರಿಗೆ ತಿಂಗಳಿಗೊಮ್ಮೆ ಬರುವುದು. ಆ ದಿನಗಳಲ್ಲಿ ಉಪವಾಸವಿಲ್ಲ. ರಜೆ ಇದ್ದವಳು ಬಂದು ರುಚಿ ನೋಡಿ ಹೇಳುತ್ತಾಳೆ. ಗಂಡಸರಿಗೆ ಇದು ಗೊತ್ತಿಲ್ಲ, ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಇರುತ್ತಾರೆ.

ಕಳೆದ ಏಳು ವರ್ಷ ಆ ಸೌಟಿಗೆ ಕೈಚಾಚಿದವಳು ಕಲ್ಸೋಮಳ ಸೊಸೆ ಸಲ್ವಾನಿ. ದೂರದ ಕೆಲಾಂತಾನ್ ಕಡೆಯ ಹುಡುಗಿ. ನಮ್ಮೂರು ಮುಆರ್‌ನ ಪೀಠೋಪಕರಣದ ಕಾರ್ಖಾನೆಗೆ ಕುರ್ಚಿಗೆ ಪಾಲಿಶ್ ಹೊಡೆಯಲು ಬಂದವಳು, ಅಲ್ಲೇ ಕೆಲಸಕ್ಕಿದ್ದ ನನ್ನಣ್ಣನ ಮಗ ರೊಸ್ಡಿಯನ್ನು ಕಟ್ಟಿಕೊಂಡಳು. ಬಂದ ಹೊಸದರಲ್ಲಿ ನಾವು ಆಡಿಕೊಂಡಿದ್ದೇ ಆಡಿಕೊಂಡಿದ್ದು. "ನಿಮ್ಮೂರಲ್ಲಿ ಮೀನಿಗೂ ಸಕ್ಕರೆ ಹಾಕ್ತಾರಂತೆ ಹೌದೇನೇ?" ಎಂದು ನಾನು ಕೇಳಿದರೆ, "ಹೌದು ಮಕ್ ಸು. ಮಾತಿಗೂ ಸ್ವಲ್ಪ ಹಾಕ್ತೀವಿ. ನಿಮಗೆ ತಂದುಕೊಡ್ಲಾ?" ಎಂದಳು. ಮಕ್ ಸು ಎಂದರೆ ನಾನು, ಮನೆಯ ಕಿರಿಯತ್ತೆ. ಹೆಸರು ರಬಿಯಾ, ಅತ್ತಿಗೆಯ ಬಾಯಲ್ಲಿ ಬಿಯಾ. ನನ್ನ ಬಾಯಿ ಜೋರು ಎಂದು ಬೀದಿಗೆಲ್ಲ ಗೊತ್ತು, ಅದನ್ನು ಮುಚ್ಚಿಡಲು ಹೋಗುವುದಿಲ್ಲ.

ಮೊದಲ ಉಪವಾಸದ ತಿಂಗಳಲ್ಲೇ ಸಲ್ವಾನಿ ಸೌಟು ತುಟಿಗಿಟ್ಟು, "ಹುಳಿ ಸಾಲ್ದು, ಮಕ್," ಎಂದಿದ್ದಳು. ಅತ್ತೆಯನ್ನು ಅವಳು ಅಮ್ಮ ಎನ್ನುವ ಹಾಗೆ ಮಕ್ ಎಂದೇ ಕರೆಯುತ್ತಿದ್ದಳು. ಮೂವತ್ತು ವರ್ಷದಿಂದ ಅಸಮ್ ಪೆಡಾಸ್ ಮಾಡುವವಳಿಗೆ, ಗಂಡ ಸತ್ತ ಮೇಲೆ ಆ ಹುಳಿ-ಖಾರದ ಮೀನುಸಾರಿನ ಅಂಗಡಿಯಿಂದಲೇ ಮನೆ ನಡೆಸಿದವಳಿಗೆ, ಇಪ್ಪತ್ತಮೂರರ ಹುಡುಗಿ ಹುಳಿ ಸಾಲದು ಎಂದಳು. ಕಲ್ಸೋಮ್ ಮುಖ ಸಿಂಡರಿಸಿದರೂ ಹುಣಸೆ ಹಿಂಡಿದಳು. ಆ ಸಂಜೆ ಉಪವಾಸ ಬಿಟ್ಟು ಸಾರು ಬಾಯಿಗಿಟ್ಟವಳು ಇನ್ನೊಂದು ಸಲ ಬಡಿಸಿಕೊಂಡಳು. ಮಾರನೆಯ ದಿನದಿಂದ ಆ ಹುಡುಗಿಯ ನಾಲಿಗೆಯೇ ನಮ್ಮ ಅಂಗಡಿಯ ತಕ್ಕಡಿಯಾಯಿತು.

ಆದರೆ ಅವಳು ಸೌಟಿಗೆ ಕೈಚಾಚಿದಾಗಲೆಲ್ಲ ಇನ್ನೊಂದು ಸುದ್ದಿಯೂ ನಮಗೆ ತಿಳಿಯುತ್ತಿತ್ತು. ಈ ತಿಂಗಳೂ ಬಸಿರು ನಿಂತಿಲ್ಲ. ಏಳು ವರ್ಷ ಹೀಗೆಯೇ ಆಯಿತು.

ಈ ಸಲ ಉಪವಾಸ ಶುರುವಾಗುವ ಹಿಂದಿನ ವಾರ ನಾನೇ ಮಾತೆತ್ತಿದೆ. ಊಟಕ್ಕೆ ಕೂತಿದ್ದೆವು. ದಿನವೆಲ್ಲ ಲಾರಿ ಡ್ರೈವರುಗಳಿಗೆ, ಕಾರ್ಖಾನೆಯವರಿಗೆ ಸಾರು ಬಡಿಸಿ ಬಂದ ಮನೆಯಲ್ಲಿ ರಾತ್ರಿಗೆ ಅನ್ನ, ಸೌತೆಕಾಯಿ ಹೋಳು, ಸೋಯಾ ಹಾಕಿದ ಕರಿದ ಮೊಟ್ಟೆ, ಅಷ್ಟೇ. ಪಕ್ಕದೂರು ಬತು ಪಹಾತ್‌ನಲ್ಲಿ ರೊಸ್ಡಿಗೆ ಎರಡನೆಯವಳಾಗಿ ಬರುವಂಥ ಒಂದು ಹೆಣ್ಣಿದೆ, ಶಿಶುವಿಹಾರದ ಟೀಚರ್, ಗಂಡ ಬಿಟ್ಟಿದ್ದಾನೆ, ಒಂದು ಮಗುವನ್ನು ಹೆತ್ತವಳು ಎಂದೆ. ಹಬ್ಬಕ್ಕೆ ಎಲ್ಲರೂ ಎಲ್ಲರ ಮನೆಗೆ ಬರುತ್ತಾರಲ್ಲ, ಅವರೂ ಬಂದು ಹೋಗಲಿ ಎಂದೆ.

ರೊಸ್ಡಿ ಅನ್ನ ಕಲಸುತ್ತಲೇ ಇದ್ದ. ಆ ಹುಡುಗನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಕಲ್ಸೋಮ್ ಮಾತ್ರ, "ಬಿಯಾ, ಬಾಯಿ ತೊಳ್ಕೊಂಡು ಬಂದು ಮಾತಾಡು," ಎಂದಳು.

"ನಾನು ಕದ್ದುಮುಚ್ಚಿ ಮಾತಾಡ್ತಿಲ್ಲ. ಅವಳ ಎದುರಿಗೇ ಹೇಳ್ತಿದ್ದೀನಿ. ನನ್ನ ಗಂಡ ನನಗೆ ಹೇಳಿದ್ನಾ? ಮೂರು ವರ್ಷ ಆದ್ಮೇಲೆ ಬಸ್ ನಿಲ್ದಾಣದಲ್ಲಿ ಅವನ ಎರಡನೆಯವಳನ್ನ ನಾನೇ ನೋಡಿದೆ. ಕಂಕುಳಲ್ಲಿ ಮಗು ಬೇರೆ."

ಇದು ಸುಳ್ಳಲ್ಲ. ನನಗೂ ಮಕ್ಕಳಾಗಲಿಲ್ಲ. ಆಗುವುದು ಹೇಗೂ ಆಗುತ್ತದೆ, ಹೇಳಿ ಮಾಡಿದರೆ ಹೆಣ್ಣಿನ ಮರ್ಯಾದೆಯಾದರೂ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನಂಬಿದ್ದೆ.

ಸಲ್ವಾನಿ ತಟ್ಟೆ ಎತ್ತಿಕೊಂಡು ಎದ್ದಳು. ಬಾಗಿಲ ಹತ್ತಿರ ನಿಂತು, "ಹಬ್ಬದವರೆಗೂ ಸುಮ್ಮನಿರಿ ಮಕ್ ಸು. ಅಷ್ಟರೊಳಗೆ ದೇವರು ಏನಾದ್ರೂ ಕೊಟ್ರೆ ಅವರು ಬರೋದು ಬೇಡ. ಕೊಡದೇ ಹೋದ್ರೆ ನಾನೇ ಚಹಾ ಮಾಡಿಕೊಡ್ತೀನಿ," ಎಂದಳು. ಕಡ್ಡಿ ಮುರಿದ ಹಾಗೆ ಮಾತಾಡುವುದು ನನ್ನ ಕಸುಬು. ಆ ದಿನ ಅವಳು ಆಡಿದಳು.

ಉಪವಾಸದ ಮೊದಲ ವಾರ ಕಳೆಯಿತು. ಲೆಕ್ಕದ ಪ್ರಕಾರ ಹತ್ತನೆಯ ದಿನದೊಳಗೆ ಅವಳ ಸರದಿ ಬರಬೇಕಿತ್ತು. ಹತ್ತು ಆಯಿತು, ಹನ್ನೆರಡಾಯಿತು. ಕಲ್ಸೋಮ್ ಸೌಟು ಹಿಡಿದು ಕೇಳುವುದನ್ನೇ ಬಿಟ್ಟಳು. ಉತ್ತರಕ್ಕೆ ಹೆದರಿದ್ದಳು ಎಂದು ನನಗೆ ಗೊತ್ತಿತ್ತು. ಉಪ್ಪನ್ನು ತೆಂಗಿನ ಚಿಪ್ಪಿನಲ್ಲಿ ಅಳೆದು, ಚಿಪ್ಪಿನ ಬಾಯಿ ಬೆರಳಿನಿಂದ ಸವರಿ ಹಾಕತೊಡಗಿದಳು. ಹದಿನೈದಾಯಿತು. ಪಾತ್ರೆ ಎತ್ತಲು ಬಂದ ಸೊಸೆಗೆ, "ನೀನು ಬಿಡು, ಬೆಂಡೆಕಾಯಿ ತೊಟ್ಟು ತೆಗಿ," ಎಂದಳು. ಹದಿನೆಂಟಕ್ಕೆ ರೊಸ್ಡಿ ಕೆಲಸದಿಂದ ಬರುವಾಗ ಹೆಂಡತಿಗೆಂದೇ ಕಬ್ಬಿನ ಹಾಲು ತಂದ. ಏಳು ವರ್ಷದಲ್ಲಿ ಅವನು ಅಂಥದ್ದೊಂದು ತಂದದ್ದು ನಾನು ನೋಡಿರಲಿಲ್ಲ.

ಯಾರೂ ಆ ಮಾತು ಆಡಲಿಲ್ಲ. ಕ್ಲಿನಿಕ್‌ಗೆ ಹೋಗಿ ಬಾ ಎಂದೂ ಅನ್ನಲಿಲ್ಲ. ಹಿಂದೆ ಎರಡು ಸಲ ಸಲ್ವಾನಿ ಹೋಗಿ ಬರಿಗೈಯಲ್ಲಿ ಬಂದು, ಒಂದೊಂದು ಸಲವೂ ವಾರಗಟ್ಟಲೆ ಹೊಸಿಲು ದಾಟಿರಲಿಲ್ಲ. ನಾನೂ ಸುಮ್ಮನಿದ್ದೆ. ಆದರೆ ಲೆಕ್ಕ ಬಿಡಲಿಲ್ಲ. ಬೆಳಗಿನ ಜಾವದ ಊಟಕ್ಕೆ ಏಳುತ್ತಾಳಾ, ಎಷ್ಟು ಉಣ್ಣುತ್ತಾಳೆ, ಮಧ್ಯಾಹ್ನ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ನೀರು ಕುಡಿಯುತ್ತಾಳಾ, ಎಲ್ಲ ನೋಡುತ್ತಿದ್ದೆ. ಅವಳಿಗೂ ಗೊತ್ತಿತ್ತು. ಒಂದು ದಿನ ಬೆಂಡೆಕಾಯಿ ಹೆಚ್ಚುತ್ತಾ ತಲೆಯೆತ್ತದೆ, "ಮಕ್ ಸು, ಕಣ್ಣು ನೋವು ಬರುತ್ತೆ," ಎಂದಳು.

ಇಪ್ಪತ್ನಾಲ್ಕನೆಯ ದಿನ ಬೀದಿ ಕೊನೆಯ ಸಣ್ಣ ಮಸೀದಿಯವರು ಸಂಜೆಯ ಊಟಕ್ಕೆ ನಮ್ಮಲ್ಲಿ ಸಾರು ಹೇಳಿದ್ದರು. ನೂರೈವತ್ತು ಜನ. ಐದು ಗಂಟೆಗೆ ವ್ಯಾನು ಬರುವುದಿತ್ತು. ಹಿತ್ತಿಲ ಅಡುಗೆಮನೆಯಲ್ಲಿ ಎರಡು ಒಲೆಗಳ ಮೇಲೆ ಅಡ್ಡಲಾಗಿ ದೊಡ್ಡ ಹಂಡೆ ಇಟ್ಟಿದ್ದೆವು. ಅರೆದ ಒಣಮೆಣಸು ಎಣ್ಣೆಬಿಟ್ಟು, ಹುಣಸೆರಸ ಬಿದ್ದು, ಕೆಸುಮ್ ಸೊಪ್ಪಿನ ಘಮ ಏರಿತ್ತು. ತೊರಕೆ ಮೀನಿನ ತುಂಡುಗಳು ಬುಟ್ಟಿಯಲ್ಲಿ ಕಾದಿದ್ದವು. ಕೈ ಜೋಡಿಸಲೆಂದು ಪಕ್ಕದ ಬೀದಿಯ ಝೈತೊನ್ ಬಂದಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು, ಸುದ್ದಿ ಸಾಗಿಸುವುದರಲ್ಲಿ ನನಗಿಂತ ಹತ್ತು ಪಟ್ಟು ಗಟ್ಟಿ.

ಕಲ್ಸೋಮ್ ಮೀನಿನವನ ಜೊತೆ ಮಾತಾಡಲು ಮುಂಬಾಗಿಲಿಗೆ ಹೋದಾಗ ನಾನು ಹಂಡೆಗೆ ಉಪ್ಪು ಹಾಕಿದೆ. ನಾಲ್ಕು ಚಿಪ್ಪು. ಹಾಕುವಾಗ ನನ್ನ ಕಣ್ಣು ಕೈಮೇಲಿರಲಿಲ್ಲ. ಸಲ್ವಾನಿ ಬೆಳಿಗ್ಗೆಯಿಂದ ಎರಡು ಸಲ ಬಚ್ಚಲಿಗೆ ಹೋಗಿ ಬಂದಿದ್ದಳು, ಮುಖ ತೊಳೆದಿದ್ದಳು, ನಾನು ಅದನ್ನೇ ಎಣಿಸುತ್ತಿದ್ದೆ.

ಕಲ್ಸೋಮ್ ಬಂದವಳೇ ಚಿಪ್ಪು ನೋಡಿದಳು. "ಯಾರು ಉಪ್ಪು ಮುಟ್ಟಿದ್ದು?"

"ನಾನು ಹಾಕಿದೆ."

"ನಾನು ಆಗಲೇ ಹಾಕಿದ್ನಲ್ಲೇ." ಹಂಡೆಯನ್ನು ಬಗ್ಗಿ ನೋಡಿದಳು. "ಹಾಕಿದ್ನೋ, ಹಾಕ್ಬೇಕು ಅಂದ್ಕೊಂಡ್ನೋ. ಅಷ್ಟರಲ್ಲಿ ಮೀನಿನವನು ಕೂಗಿದ."

ಡಬ್ಬಿ ನೋಡಿ ತಿಳಿಯೋಣವೆಂದರೆ ಝೈತೊನ್ ಆಗ ತಾನೇ ಹೊಸ ಪೊಟ್ಟಣ ಒಡೆದು ಡಬ್ಬಿ ತುಂಬಿಸಿಟ್ಟಿದ್ದಳು. ಎರಡು ಸಲ ಬಿದ್ದಿದ್ದರೆ ಯಾರೂ ಬಾಯಿಗಿಡಲಾಗದು. ಒಂದೇ ಸಲ ಬಿದ್ದಿದ್ದು, ನೀರು ಬೆರೆಸಿಬಿಟ್ಟರೆ ಸಪ್ಪೆ. ಹದಿಮೂರು ತಾಸು ಹಸಿದು ಬಂದವರ ಎದುರಿಗೆ ಅದನ್ನು ಇಡಬೇಕು. ಗಂಟೆ ಮೂರೂ ಮುಕ್ಕಾಲು.

"ಯಾರಿಗಾದ್ರೂ ರಜೆ ಇದ್ಯಾ ಕೇಳಿ," ಎಂದಳು ಝೈತೊನ್.

"ನಮ್ಮ ಮೂರು ಜನಕ್ಕೂ ಪಿಂಚಣಿ ಬಂದಾಗಿದೆ," ಎಂದೆ.

ಝೈತೊನ್ ನಕ್ಕಳು, ನಗು ಅರ್ಧಕ್ಕೆ ನಿಂತಿತು. ಅವಳ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಸಲ್ವಾನಿ ಚಾಪೆಯ ಮೇಲೆ ಬೆಂಡೆಕಾಯಿ ಮುಂದಿಟ್ಟುಕೊಂಡು ಕೂತಿದ್ದಳು. ಕತ್ತಿ ನಿಂತಿತ್ತು.

ಕಲ್ಸೋಮ್ ತಕ್ಷಣ, "ಪಕ್ಕದ ಮನೆ ಮಗೂನ ಕರೀರಿ," ಎಂದಳು.

"ಅದಕ್ಕೆ ಐದು ವರ್ಷ. ಖಾರ ತಾಗಿದ್ರೆ ಬೀದಿ ಎಬ್ಬಿಸುತ್ತೆ. ಉಪ್ಪು ಎಷ್ಟು ಅಂತ ಹೇಳುತ್ತಾ?" ಎಂದಳು ಝೈತೊನ್.

ಈಗ ಒಂದು ಮಾತು ಹೇಳಿಬಿಡುತ್ತೇನೆ. ನಾನು ಅತ್ತಿಗೆಯ ಹಾಗೆ ಅಲ್ಲ. ಉಸ್ತಾದರ ಮಾತು ನನಗೆ ಒಪ್ಪಿಗೆ. ನನ್ನ ಮನೆಯಲ್ಲಿ ಎಷ್ಟೋ ಸಲ ನಾಲಿಗೆ ತುದಿಗೆ ತಾಗಿಸಿ ಉಗುಳಿದ್ದೇನೆ. ಆ ದಿನವೂ ಒಂದು ಹೆಜ್ಜೆ ಮುಂದಿಟ್ಟು ಸೌಟು ತೆಗೆದುಕೊಂಡಿದ್ದರೆ ಮುಗಿಯುತ್ತಿತ್ತು. ತೆಗೆದುಕೊಳ್ಳಲಿಲ್ಲ. ಕೈಕಟ್ಟಿ ನಿಂತೆ. ನನಗೆ ತಿಳಿಯಬೇಕಿತ್ತು.

ಹಂಡೆ ಕುದಿಯುತ್ತಿತ್ತು. ಕಲ್ಸೋಮ್ ಸೌಟನ್ನು ಸಾರಿನಲ್ಲಿ ಸುಮ್ಮನೆ ತಿರುಗಿಸುತ್ತಿದ್ದಳು, ಸೊಸೆಯ ಕಡೆ ನೋಡದೆ. ಯಾರೂ ಕರೆಯಲಿಲ್ಲ. ಸಲ್ವಾನಿ ಕೂತೇ ಇದ್ದಿದ್ದರೆ ಹಬ್ಬದವರೆಗೆ ಅವಳಿಗೆ ಇನ್ನೂ ಆರು ದಿನ ಉಳಿಯುತ್ತಿತ್ತು. ಅತ್ತೆಯ ಆಸೆಗೆ ಆರು ದಿನ, ಗಂಡನ ಕಬ್ಬಿನ ಹಾಲಿಗೆ ಆರು ದಿನ.

ಅವಳು ಕತ್ತಿ ಕೆಳಗಿಟ್ಟಳು. ಮಡಿಲಿನ ತೊಟ್ಟುಗಳನ್ನು ಒದರಿ ಎದ್ದಳು. ಬಂದು ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡು, ಊದಿ, ತುಟಿಗಿಟ್ಟು, ನುಂಗಿದಳು.

"ಎರಡು ಸಲ ಬಿದ್ದಿದೆ, ಮಕ್."

ಝೈತೊನ್ ನೆಲ ನೋಡಿದಳು. ಕಲ್ಸೋಮ್ ಒಲೆಯ ಉರಿ ತಗ್ಗಿಸಿದಳು. ಬಹಳ ಮೆಲ್ಲಗೆ, "ಯಾವಾಗಿಂದ?" ಎಂದಳು.

"ಬೆಳಿಗ್ಗೆಯಿಂದ. ಅವರಿಗೂ ಹೇಳಿಲ್ಲ."

"ಮತ್ಯಾಕೆ ಎದ್ದೆ? ಕೂತಿದ್ರೆ ಆಗ್ತಿರಲಿಲ್ವಾ?"

"ನೂರೈವತ್ತು ಜನ ನಿಮ್ಮ ಸಾರು ಉಗುಳ್ತಿದ್ರು."

ಅಷ್ಟು ಹೇಳಿ, "ಅರ್ಧ ತೆಗೆದು ಬೇರೆ ಪಾತ್ರೆಗೆ ಹಾಕೋಣ. ನಾಳೆಗೆ ಅರೆದಿಟ್ಟ ಮೆಣಸು ಇದೆಯಲ್ಲ," ಎಂದಳು. ಮಾಡಿದೆವು. ಸಾರು ಅರ್ಧ ತೋಡಿದೆವು, ನೀರು ಹುಯ್ದೆವು, ನಾಳೆಯ ಮೆಣಸು ಹುರಿದು ಬೆರೆಸಿದೆವು, ಹುಣಸೆ ಹಿಂಡಿದೆವು. ಒಂದೊಂದು ಸಲ ಬೆರೆಸಿದಾಗಲೂ ಯಾರಾದರೂ ರುಚಿ ನೋಡಬೇಕು. ಅವಳೇ ನೋಡಿದಳು. "ಇನ್ನೂ ಉಪ್ಪಿದೆ." ಮತ್ತೆ ನೀರು. "ಈಗ ಹುಳಿ ಸಾಲ್ದು." ಮತ್ತೆ ಹುಣಸೆ. ನಾವು ಮೂವರು ಒಣಬಾಯಲ್ಲಿ ನಿಂತು ನೋಡುತ್ತಿದ್ದೆವು. ಅವಳು ನಮ್ಮ ಕಣ್ಣೆದುರಿಗೆ ಮತ್ತೆ ಮತ್ತೆ ನುಂಗುತ್ತಿದ್ದಳು. ನಾಲ್ಕನೆಯ ಸಲ ಸೌಟು ತುಟಿಯವರೆಗೆ ಹೋಯಿತು, ಬಾಯಿ ತೆರೆಯಲಿಲ್ಲ. ಸೌಟು ವಾಲಿತು. ಸಾರು ಮೊಣಕೈಯವರೆಗೆ ಹರಿಯಿತು.

"ಕೊಡು ಇಲ್ಲಿ," ಎಂದು ನಾನು ಸೌಟು ಕಿತ್ತುಕೊಂಡೆ. ನಾಲಿಗೆ ತುದಿಗೆ ತಾಗಿಸಿದೆ, ಬಚ್ಚಲಿಗೆ ಉಗುಳಿದೆ, ಬಾಯಿ ಮುಕ್ಕಳಿಸಿದೆ. "ಸರಿಯಾಗಿದೆ. ಮೀನು ಹಾಕಿ."

ಕಲ್ಸೋಮ್ ಮೀನಿನ ಬುಟ್ಟಿ ಎತ್ತಲಿಲ್ಲ. ನನ್ನನ್ನೇ ನೋಡಿದಳು. ಬೈಯುವ ದನಿಯಲ್ಲ, ನಿಜವಾಗಿಯೂ ತಿಳಿಯದವಳ ಹಾಗೆ ಕೇಳಿದಳು.

"ಈ ನಾಲಿಗೆ ಇಷ್ಟೊತ್ತು ಎಲ್ಲಿಟ್ಟಿದ್ದೆ, ಬಿಯಾ?"

ನಾನು ಸೌಟನ್ನು ಹಂಡೆಯ ಅಂಚಿಗೆ ಒರಗಿಸಿ, ಮೀನಿನ ಬುಟ್ಟಿ ನಾನೇ ಎತ್ತಿಕೊಂಡೆ. ನಾಚಿಕೆಯಾಯಿತು. ಬಸ್ ನಿಲ್ದಾಣದಲ್ಲಿ ಆ ದಿನ ನನ್ನನ್ನು ನೋಡುತ್ತ ನಿಂತಿದ್ದವರ ನೆನಪಾಯಿತು. ಅವರಲ್ಲಿ ಒಬ್ಬರೂ ಕಣ್ಣು ಬೇರೆ ಕಡೆ ತಿರುಗಿಸಿರಲಿಲ್ಲ.

ವ್ಯಾನು ಬಂತು, ಹಂಡೆ ಹೋಯಿತು. ಪಾತ್ರೆಗಳೆಲ್ಲ ತೊಳೆದು ಮುಗಿಸಿದಾಗ ಉಪವಾಸ ಬಿಡಲು ಇನ್ನೂ ಅರ್ಧ ಗಂಟೆ ಇತ್ತು. ರೊಸ್ಡಿ ಬಂದಿದ್ದ. ಹೆಂಡತಿಯ ಮುಖ ನೋಡಿದ, ಅವಳ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯತೊಡಗಿದ. ನಾನು ಅಲ್ಲೇ, ಎಲ್ಲರ ಎದುರಿಗೆ, ಬತು ಪಹಾತ್‌ಗೆ ಫೋನ್ ಮಾಡಿದೆ. ಹಬ್ಬಕ್ಕೆ ಬರುವುದು ಬೇಡ ಎಂದೆ.

"ಯಾಕೆ, ಸೊಸೆ ಬಸುರಿಯಾ?" ಎಂದಳು ಹೆಣ್ಣಿನ ತಾಯಿ.

"ಇಲ್ಲ," ಎಂದೆ.

"ಮತ್ತೆ ಯಾಕೆ?"

"ನಮ್ಮನೇಲಿ ಸೊಸೆ ಇದ್ದಾಳೆ. ಅದಕ್ಕೆ."