ಮೂವತ್ತಾರು ಮೇಲಿರಲಿ

“ಇದನ್ಯಾಕಮ್ಮ ತಳದಲ್ಲಿ ಬಚ್ಚಿಟ್ಟಿದೀಯಾ?” ಎನ್ನುತ್ತ ಕಾಲೇಜು ಕಚೇರಿಯ ಮೇಡಂ ನನ್ನ ಫೈಲಿನಿಂದ ಮೊದಲ ಸೆಮಿಸ್ಟರ್‌ನ ಅಂಕಪಟ್ಟಿಯನ್ನು ಎಳೆದರು. ಗಣಿತದಲ್ಲಿ ಮೂವತ್ತಾರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

೨೦೦೬ರಲ್ಲಿ ಧಾರವಾಡದ ವಿಶ್ವವಿದ್ಯಾಲಯ ಬಿಟ್ಟು ಬೆಂಗಳೂರಿನದಕ್ಕೆ ವರ್ಗವಾಗಲು, ಎರಡನೇ ವರ್ಷದ ಬಿ.ಎಸ್ಸಿ. ಸೀಟು ಕೇಳಿಕೊಂಡು ವಿಜಯನಗರದ ಆ ಕಾಲೇಜಿಗೆ ಹೋಗಿದ್ದೆ. ಪ್ರಿನ್ಸಿಪಾಲರು ಒಪ್ಪದಿದ್ದರೆ ಒಂದು ವರ್ಷ ಹಾಳು.

ಮೇಡಂ ಫೈಲಿನ ದಾರ ಬಿಚ್ಚಿದರು. ಮೂವತ್ತಾರರ ಹಾಳೆಯನ್ನು ಎಲ್ಲಕ್ಕಿಂತ ಮೇಲಿಟ್ಟು, ಅದರ ಕೆಳಗೇ ಎರಡನೇ ಸೆಮಿಸ್ಟರ್‌ನ ಎಂಬತ್ತೆರಡರ ಹಾಳೆ ಪೋಣಿಸಿ ಮತ್ತೆ ಕಟ್ಟಿದರು. “ಬಚ್ಚಿಟ್ಟಿದ್ದು ಸಿಕ್ಕಿದ್ರೆ ಅನುಮಾನ ಪಡ್ತಾರೆ. ಮೇಲಿದ್ರೆ ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ಹೇಳ್ಬಹುದಲ್ವಾ?”

ಪ್ರಿನ್ಸಿಪಾಲರು ಕೇಳಿಯೇ ಕೇಳಿದರು. “ಮೊದ್ಲು ಲೆಕ್ಕ ಬಾಯಿಪಾಠ ಮಾಡಿದ್ದೆರಿ ಸರ್, ಆಮ್ಯಾಲೆ ತಿಳಕೊಂಡು ಮಾಡಿದೆ” ಎಂದೆ. ಅವರು ನಕ್ಕು, ಹಾಳೆ ತಿರುವಿ, ಎಂಬತ್ತೆರಡನ್ನು ನೋಡಿ ಸಹಿ ಹಾಕಿದರು. ಥ್ಯಾಂಕ್ಸ್ ಹೇಳಲು ಓಡಿಬಂದರೆ, ಮೇಡಂ ಆಗಲೇ ಇನ್ನೊಬ್ಬಳ ಫೈಲಿನ ದಾರ ಬಿಚ್ಚುತ್ತಿದ್ದರು.

ಈಗ ನಾನು ಕೆಂಗೇರಿಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಪ್ರತಿ ವರ್ಷ ಮೊದಲ ದಿನವೇ ಮಕ್ಕಳ ಕೈಗೆ ಆ ಮೂವತ್ತಾರರ ಅಂಕಪಟ್ಟಿ ಕೊಟ್ಟು, ಆಮೇಲೆ ಪಾಠ ಶುರು ಮಾಡುತ್ತೇನೆ.