ರಾಯರಲ್ಲಿ ನಾನು ಕೇಳಿಕೊಂಡದ್ದು

ಲಾಸ್ ಏಂಜಲಿಸ್ ಹತ್ತಿರದ ಡೈಮಂಡ್ ಬಾರ್ ಊರಿನ ನಮ್ಮ ಅಡುಗೆಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದೆ. ಮಗಳು ತೆರೆದ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದಳು.

"ಅಮ್ಮಾ, ಎಲ್‌ಎ ಯೂನಿವರ್ಸಿಟೀದು ಬಂತು."

"ಸಿಕ್ತಾ?"

"ಸಿಕ್ತು. ಬಟ್ ಫಿಸಿಕ್ಸ್ ಅಲ್ಲ, ಮ್ಯಾಥ್ಸ್ ಕೊಟ್ಟಿದ್ದಾರೆ. ಆಮೇಲೆ ಚೇಂಜ್ ಕೇಳ್ಬಹುದಂತೆ, ಗ್ಯಾರಂಟಿ ಇಲ್ವಂತೆ."

ಸ್ಯಾನ್ ಡಿಯಾಗೊದ ವಿಶ್ವವಿದ್ಯಾಲಯ ಹಿಂದಿನ ವಾರವೇ ಫಿಸಿಕ್ಸ್‌ಗೆ ಸೀಟು ಕೊಟ್ಟಿತ್ತು. ಅಲ್ಲಿಗಾದರೆ ರೂಮು ಮಾಡಿಕೊಂಡು ಇರಬೇಕು. ಲಾಸ್ ಏಂಜಲಿಸ್ ಆದರೆ ಮನೆಯಿಂದಲೇ ಓಡಾಡಬಹುದು. ಮರುದಿನದೊಳಗೆ ಯಾವುದಾದರೂ ಒಂದನ್ನು ಒಪ್ಪಿಕೊಳ್ಳಬೇಕಿತ್ತು.

ಕೊರೋನಾ ಕಾಲದಲ್ಲಿ ಡಿಗ್ರಿಯ ಮೊದಲೆರಡು ವರ್ಷ ಓದಿಸುವ ಕಮ್ಯುನಿಟಿ ಕಾಲೇಜು ಸೇರಿದವಳು ಮೊದಲ ವರ್ಷವೆಲ್ಲ ತನ್ನ ಕೋಣೆಯಲ್ಲೇ ಕೂತು ಪಾಠ ಕೇಳಿದ್ದಳು. ಬಾಗಿಲು ಮುಚ್ಚಿದ್ದರೂ ಒಳಗೆ ಅವಳಿದ್ದಾಳೆ ಎನ್ನುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

"ಎಲ್‌ಎಗೇ ಹೋಗ್ತೀನಿ ಬಿಡು" ಎಂದಳು.

"ಯಾಕೆ?"

"ಆರು ತಿಂಗಳಿಂದ ಗುರುವಾರ ಒಪ್ಪತ್ತು ಮಾಡ್ತಿದೀಯ, ನನ್ನ ಓದಿಗೆ ಅಂತ. ರಾಯರು ಇದನ್ನ ಕೊಟ್ರು. ಬೇಡ ಅಂದ್ರೆ ನಿಂಗೆ ಬೇಜಾರಾಗಲ್ವಾ?"

ನನ್ನ ಕೈ ನಿಂತಿತು. ಓದಿಗಾಗಿ ಎಂದು ಅವಳಿಗೆ ಹೇಳಿದ್ದೆ, ನಿಜ. ರಾಯರ ಪಟದ ಮುಂದೆ ಕೇಳಿಕೊಂಡದ್ದು ಬೇರೆ. ಮಗಳು ಮನೆಯಲ್ಲೇ ಉಳಿಯಲಿ ಎಂದಷ್ಟೇ ಬೇಡಿದ್ದೆ. ಫಿಸಿಕ್ಸಿನ ಮಾತೇ ಎತ್ತಿರಲಿಲ್ಲ. ಕೇಳಿದ್ದನ್ನೇ ಅವರು ಕೊಟ್ಟಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಅದು ನಿನ್ನ ಓದಿಗಲ್ಲ" ಎಂದೆ. "ನೀನು ಎಲ್ಲೂ ಹೋಗಬಾರ್ದು ಅಂತ ಮಾಡಿದ್ದು."

ಅವಳು ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟಳು. "ನಾನು ಇಲ್ಲಿ ಅಪ್ಲೈ ಮಾಡ್ತಾ ಇದ್ರೆ, ನೀನು ರಾಯರ ಹತ್ರ ಇನ್ನೊಂದು ಅಪ್ಲಿಕೇಶನ್ ಹಾಕಿದ್ಯಾ? ನನ್ನ ಕೇಳ್ದೇನೆ?"

"ಹೂಂ. ತಪ್ಪಾಯ್ತು."

"ಅನ್‌ಬಿಲೀವಬಲ್, ಅಮ್ಮಾ."

ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಹೋಗಿ ಬಾಗಿಲು ತಟ್ಟಲೇ ಎಂದು ಎರಡು ಸಲ ಎದ್ದೆ, ಎರಡು ಸಲವೂ ಕೂತೆ. ಈಗ ನನ್ನ ಮೇಲಿನ ಸಿಟ್ಟಿಗೆ ಹೋಗುತ್ತಾಳೋ, ಮರುಕಕ್ಕೆ ಉಳಿಯುತ್ತಾಳೋ ಎಂಬ ಭಯ. ಎರಡೂ ಬೇಡ ತಂದೆ, ಅವಳಿಗೆ ಬೇಕಾದ್ದನ್ನು ಅವಳೇ ಆರಿಸಿಕೊಳ್ಳಲಿ ಎಂದು ಆಗ ಮೊದಲ ಬಾರಿ ಕೇಳಿಕೊಂಡೆ.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು.

"ಸ್ಯಾನ್ ಡಿಯಾಗೊ. ಕ್ಲಿಕ್ ಮಾಡಾಯ್ತು. ಲ್ಯಾಬ್ ಚೆನ್ನಾಗಿದೆ, ಅದಕ್ಕೆ. ನಿನ್ನಿಂದ ಅಲ್ಲ."

"ಸಂತೋಷ ಕಣೇ."

"ಅಪ್ಪಂಗೆ ಆಫೀಸಿಗೆ ನಾನೇ ಫೋನ್ ಮಾಡ್ತೀನಿ. ನೀನು ಮಾಡಿದ್ರೆ ಅಳ್ತೀಯ."

ಅವಳು ಕ್ಲಿಕ್ ಮಾಡುವ ಮೊದಲೇ ನನಗೆ ಬಾಯಿ ಬಿಡುವ ಬುದ್ಧಿ ಬಂತಲ್ಲ, ಅದು ಒಂದು ಸಮಾಧಾನ. ಸ್ಯಾನ್ ಡಿಯಾಗೊ ಎರಡು ಗಂಟೆಯ ದಾರಿ, ವಿಮಾನ ಹತ್ತಬೇಕಿಲ್ಲ, ಅದು ಇನ್ನೊಂದು. ಅಷ್ಟರಲ್ಲಿ ಡ್ರೈಯರ್ ಕೂಗಿತು. ಬಿಸಿ ಆರುವ ಮೊದಲು ಬಟ್ಟೆ ಮಡಚಲು ಎದ್ದೆ.