ದಣಿಯದ ವಾಲಗ

ನನ್ನ ಬಳಿ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಎಂಪಿತ್ರೀ ಪ್ಲೇಯರ್ ಇದೆ. ಎಲ್ಲರೂ ಫೋನಿನಲ್ಲೇ ಹಾಡು ಕೇಳುವಾಗ ನಿನಗೇಕಿದು ಎಂದು ಕೇಳುತ್ತಾರೆ. ಫೋನು ಹಾಡಿನ ಮಧ್ಯೆ ರಿಂಗಾಗುತ್ತದೆ, ಅದಕ್ಕೆ. ರಿಂಗಾಯಿತೆಂದರೆ ನನ್ನ ಪಾಲಿಗೆ ಏನೋ ಕೆಟ್ಟದ್ದು ಆಗಿಹೋಗಿದೆ ಎಂದೇ ಲೆಕ್ಕ: ಪಂಪು ಸುಟ್ಟಿದೆ, ಆಳುಗಳ ಲೈನ್‌ಮನೆಗಳಲ್ಲಿ ಜಗಳವಾಗಿದೆ, ಇಲ್ಲವೇ ಯಾರೋ ಹೋಗಿಬಿಟ್ಟಿದ್ದಾರೆ. ಪ್ಲೇಯರಿಗೆ ಯಾರೂ ಫೋನ್ ಮಾಡಲಾರರು. ಅದನ್ನು ಅಂಗಿ ಜೇಬಿಗೆ ಸಿಕ್ಕಿಸಿಕೊಂಡು ಬೆಳಗ್ಗೆ ಕಾಫಿ ತೋಟ ಸುತ್ತುತ್ತೇನೆ. ಇಯರ್‌ಫೋನ್ ಮಾತ್ರ ಒಂದೇ ಕಿವಿಗೆ. ಇನ್ನೊಂದು ಕಿವಿ ತೋಟಕ್ಕೆ ನುಗ್ಗುವ ಆನೆಗೆ ಮೀಸಲು. "ಅರ್ಧ ಹಾಡು, ಅರ್ಧ ಆನೆ, ಪೂರ್ತಿ ಚಿಂತೆ" ಎನ್ನುತ್ತಾಳೆ ಹೆಂಡತಿ.

ಕೊಂಡ ಹೊಸತರಲ್ಲಿ, ಕೇಳಿದಷ್ಟೂ ಹಾಡು ಸವೆಯುತ್ತದೆಯೇನೋ ಎಂದು ಹೆದರಿದ್ದೆ. ಎಷ್ಟು ಕ್ಯಾಸೆಟ್ಟುಗಳು ನನ್ನ ಕಣ್ಣೆದುರೇ ಗೊಗ್ಗರು ದನಿಯಾಗಿ ಸತ್ತಿರಲಿಲ್ಲ? ಹಾಗಾಗಿ ಕೂತು ಓದಿ ತಿಳಿದುಕೊಂಡೆ. ಇದರೊಳಗೆ ತಿರುಗುವಂಥದ್ದು, ಉಜ್ಜುವಂಥದ್ದು ಏನೂ ಇಲ್ಲ. ಹಾಡು ಬರೀ ಅಂಕಿಗಳಾಗಿ ಚಿಪ್‌ನಲ್ಲಿ ಕೂತಿರುತ್ತದೆ. ಗುಂಡಿ ಒತ್ತಿದರೆ ಅದು ಆ ಅಂಕಿಗಳನ್ನು ಓದಿ, ಮತ್ತೆ ಸದ್ದಿನ ಅಲೆ ಮಾಡಿ ಕಿವಿಗೆ ಕೊಡುತ್ತದೆ. ಎಷ್ಟು ಸಲ ಓದಿದರೂ ಅಂಕಿ ಸವೆಯುವುದಿಲ್ಲ. ಅಬ್ಬ ಎನ್ನುವಷ್ಟರಲ್ಲಿ ಮುಂದಿನ ಸಾಲು ಕಣ್ಣಿಗೆ ಬಿತ್ತು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಹಾಡು ತುಂಬಬೇಕಾದರೆ, ಕಿವಿ ಹೇಗೂ ಗಮನಿಸದ ಸದ್ದುಗಳನ್ನು ಮೊದಲೇ ಕಿತ್ತು ಬಿಸಾಡಿರುತ್ತಾರಂತೆ. ದೊಡ್ಡ ಸದ್ದಿನ ಮಗ್ಗುಲಲ್ಲಿರುವ ಸಣ್ಣ ಸದ್ದು ಮನುಷ್ಯನಿಗೆ ಕೇಳಿಸುವುದೇ ಇಲ್ಲವಂತೆ. ಅಂದಿನಿಂದ ಹಾಡು ಕೇಳುವಾಗಲೆಲ್ಲ ನನಗೆ ಕೇಳಿಸದೆ ಹೋದದ್ದರ ಚಿಂತೆ.

ಇಂಥ ನನ್ನ ಕೈಗೆ ಅಕ್ಕನ ಮಗನ ಮದುವೆಯ ದಿನ ಗಂಗಾಪೂಜೆಯ ವಾಲಗ ಬಂದು ಬಿತ್ತು.

ನಮ್ಮಲ್ಲಿ ಮದುಮಗಳು ಗಂಡನ ಮನೆಯ ಬಾವಿಗೆ ಪೂಜೆ ಮಾಡಿ, ನೀರು ತುಂಬಿದ ಕೊಡಗಳನ್ನು ಒಂದರ ಮೇಲೊಂದು ತಲೆಯ ಮೇಲಿಟ್ಟುಕೊಂಡು ಒಳಗೆ ಬರಬೇಕು. ಬರಲು ಬಿಟ್ಟರೆ ತಾನೆ? ಗಂಡಿನ ಕಡೆಯವರು ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣಿಯುತ್ತಾರೆ. ಅವಳು ಒಂದು ಹೆಜ್ಜೆ ಮುಂದಿಟ್ಟರೆ ಇವರೂ ಒಂದು ಹೆಜ್ಜೆ ಹಿಂದೆ, ಅಷ್ಟೆ. ನಡುದಾರಿಯಲ್ಲಿ ಕೊಡ ಇಳಿಸಿದಳೋ, ಆ ಮಾತು ಅವಳ ಜೊತೆಗೇ ಮುದುಕಿಯಾಗುತ್ತದೆ. ನನ್ನ ಹೆಂಡತಿ ಇಳಿಸಿರಲಿಲ್ಲ. ಅವಳ ಕುತ್ತಿಗೆ ಮಾತ್ರ ಚಳಿಗಾಲದಲ್ಲಿ ಇಂದಿಗೂ ಆ ದಿನವನ್ನು ನೆನೆಸಿಕೊಳ್ಳುತ್ತದೆ.

ಅಕ್ಕನ ಮನೆ ಹುದಿಕೇರಿಯ ಹತ್ತಿರ, ತೋಟದ ನಡುವೆ. ಹುಡುಗಿ ಮೂರ್ನಾಡಿನ ಕಡೆಯವಳು. ಊಟ ತಡವಾಯಿತು, ಉಳಿದದ್ದೆಲ್ಲ ಅದರ ಹಿಂದೆ ತಡವಾಯಿತು. ವಾಲಗದವರಿಗೆ ಸಂಜೆಗೆ ಇನ್ನೊಂದು ಮದುವೆ ಒಪ್ಪಿಯಾಗಿತ್ತು. ಪಾಪ, ಅವರು ಕಾದೂ ಕಾದೂ ಡೋಲು, ಪೀಪಿಗಳನ್ನು ಜೀಪಿಗೆ ತುಂಬಿ ಹೊರಟೇಬಿಟ್ಟರು.

"ವಾಲಗ ಇಲ್ದೆ ಗಂಗಾಪೂಜೆಯಾ?" ಎಂದರು ಭಾವ, ಮದುಮಗನ ತಂದೆ. ಬೆಳಗಿನಿಂದ ಸಂತೋಷದಲ್ಲಿ ತೇಲುತ್ತಿದ್ದವರು, ಸ್ವಲ್ಪ ಬೇರೆಯದರಲ್ಲೂ.

ಹಿಂದೊಂದು ಮದುವೆಯಲ್ಲಿ ಅದೇ ಪ್ಲೇಯರಿನ ಮೈಕಿನಿಂದ ಹಿಡಿದಿಟ್ಟ ವಾಲಗ ನನ್ನ ಜೇಬಿನಲ್ಲೇ ಇತ್ತು. ಬಾಯಿ ಮುಚ್ಚಿಕೊಂಡಿರಬಹುದಿತ್ತು.

"ನನ್ನ ಹತ್ರ ಉಂಟು" ಎಂದೆ.

ಚಕ್ರದ ದೊಡ್ಡ ಸ್ಪೀಕರನ್ನು ಅಂಗಳಕ್ಕೆ ಎಳೆದು ತಂದರು. ಫೋನಿನಿಂದಲೇ ಹಾಕೋಣ ಎಂದವರಿಗೆ, "ಬೇಡ, ಮಧ್ಯದಲ್ಲಿ ಯಾವನೋ ಸಾಲ ಬೇಕಾ ಸಾರ್ ಅಂತ ಗಂಗಾಪೂಜೆಗೇ ಬರ್ತಾನೆ" ಎಂದೆ. ನನ್ನ ಭಯವೆಲ್ಲ ವಾಲಗ ನಿಂತರೆ ಎಂಬುದೊಂದೇ. ಮುಗಿದು ಮುಂದಿನ ಹಾಡಿಗೆ ಹಾರಿ, ಹೊಸ ಸೊಸೆಯ ಎದುರು ಯಾವುದೋ ವಿರಹಗೀತೆ ಶುರುವಾದರೆ? ಅದಕ್ಕೆ ಅದೊಂದೇ ಮತ್ತೆ ಮತ್ತೆ ಬರುವಂತೆ ರಿಪೀಟ್ ಹಾಕಿದೆ. ಯಾರ ಕೈಯಾದರೂ ತಗಲಿದರೆ? ಪಕ್ಕದ ಹೋಲ್ಡ್ ಗುಂಡಿ ಸರಿಸಿ ಬೀಗ ಹಾಕಿದೆ. ವೈರು ಎಡವಿದರೆ? ಅದರ ಮೇಲೆ ಇಟ್ಟಿಗೆ ಇಟ್ಟೆ. ಬ್ಯಾಟರಿ ತುಂಬ ಇತ್ತು, ಆದರೂ ನೋಡಿ ನೋಡಿ ಅದಕ್ಕೇ ದೃಷ್ಟಿಯಾಗುವಷ್ಟು ನೋಡಿದೆ.

ವಾಲಗ ಶುರುವಾಯಿತು. ಭಾವ ಕೈಯೆತ್ತಿ ಮೊದಲಿಗರಾಗಿ ಇಳಿದರು. ಬಾವಿಯಿಂದ ಮೇಲೆ ಬರುವ ಕಾಲುದಾರಿ ತುಂಬ ಕುಪ್ಯದ ನಿಲುವಂಗಿ ತೊಟ್ಟ ಗಂಡಸರು. ಅವರಾಚೆ ಕೆಂಪು ಸೀರೆಯ ಹುಡುಗಿ, ತಲೆಯ ಮೇಲೆ ಕೊಡಗಳು, ಮುಖದಲ್ಲಿ ನಗು. ಅಂಗಳವೆಲ್ಲ ಕೇಕೆ. ನನಗೂ ಹೆಮ್ಮೆಯಾಯಿತು, ಆದರೆ ಅದು ಹೆಚ್ಚು ಹೊತ್ತು ಉಳಿಯುವ ಜಾತಿಯದಲ್ಲ.

ರೆಕಾರ್ಡಿಂಗ್ ಮುಗಿದು ಒಂದು ಉಸಿರಿನಷ್ಟು ನಿಂತಿತು. ಕುಣಿಯುವವರು "ಓ" ಎಂದು ಕೂಗಿ ಆ ಸಂದನ್ನು ತುಂಬಿಸಿದರು. ಮತ್ತೆ ಮೊದಲಿನಿಂದ. ಇನ್ನೊಮ್ಮೆ ಮೊದಲಿನಿಂದ. ಹುಡುಗಿಯ ನಗು ಇದ್ದಲ್ಲೇ ಇತ್ತು, ಆದರೆ ಕಣ್ಣು ಅದರ ಜೊತೆಗಿರಲಿಲ್ಲ.

ಹೆಂಡತಿ ಪಕ್ಕಕ್ಕೆ ಬಂದಳು. "ಇದು ಯಾವಾಗ ನಿಲ್ಲುತ್ತೆ?"

"ನಿಲ್ಲಲ್ಲ. ನಿಲ್ಲದ ಹಾಗೆ ಮಾಡಿದೀನಿ."

"ಒಳ್ಳೇ ಕೆಲಸ. ವಾಲಗದವರಾದ್ರೆ ಹುಡುಗಿ ಮುಖ ನೋಡ್ತಾರೆ. ಅವಳು ಸೋತಳು ಅನ್ನಿಸಿದ್ರೆ ತಾವೇ ದಮ್ಮು ಕಟ್ಟಿದ ಹಾಗೆ ಮಾಡಿ ಮುಗಿಸ್ತಾರೆ. ನಿಮ್ಮ ಡಬ್ಬಿಗೆ ಮುಖ ಕಾಣುತ್ತಾ?"

ನನಗೆ ಅದು ಹೊಳೆದೇ ಇರಲಿಲ್ಲ. ಊದುವವನಿಗೆ ಉಸಿರು ಕಟ್ಟುತ್ತದೆ, ಬಡಿಯುವವನಿಗೆ ತೋಳು ಸೋಲುತ್ತದೆ. ಕುಣಿತ ಮುಗಿಯುವುದು ಹಾಗೆ. ಅಂಕಿಗಳಿಗೆ ತೋಳೆಲ್ಲಿಂದ ಬರಬೇಕು? ಜಗಲಿಯ ಮೇಲಿಂದ ಅಕ್ಕ ನನಗೆ ಕಣ್ಣಿನಲ್ಲೇ ಬೈಯುತ್ತಿದ್ದಳು. ಭಾವನ ಬಳಿ ಓಡಿದೆ.

"ಭಾವ, ಸಾಕಲ್ವಾ? ಹುಡುಗಿಗೆ ಭಾರ."

"ನಿಲ್ಸೋದು ಯಾರು ಮಾರಾಯ? ವಾಲಗ ನಿಂತಾಗ ನಿಲ್ಲೋದು. ಹೋಗು, ನಿನ್ನ ಕೆಲಸ ನೋಡು!"

ವೈರು ಕಿತ್ತುಬಿಡಬಹುದಿತ್ತು. ಶುಭಕಾರ್ಯದ ವಾಲಗವನ್ನು ನಡುವೆ ಕತ್ತರಿಸಿದವನು ಎಂದು ಆಮೇಲೆ ಎರಡೂ ಊರಿನವರು ನನ್ನನ್ನು ಪರಿಚಯಿಸುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಹುಡುಗಿಗೆ ಆಗಲಿಲ್ಲ, ಅದಕ್ಕೇ ನಿಲ್ಲಿಸಿದರು ಎಂಬ ಮಾತು ಅವಳ ತಲೆಗೆ ಬರುತ್ತಿತ್ತು, ಕೊಡಕ್ಕಿಂತ ಭಾರವಾಗಿ. ಕಿತ್ತರೂ ಕಷ್ಟ, ಬಿಟ್ಟರೂ ಕಷ್ಟ. ಸ್ಪೀಕರಿನ ಸುತ್ತ ಮೊಟ್ಟೆಯಿಡುವ ಜಾಗ ಹುಡುಕುವ ಕೋಳಿಯ ಹಾಗೆ ಸುತ್ತಿದೆ.

ಕೊನೆಗೆ ಬೀಗ ತೆಗೆದು ವಾಲ್ಯೂಮ್ ಗುಂಡಿಯನ್ನು ಕೆಳಕ್ಕೆ ಒತ್ತಿದೆ. ಹೆದರಿಕೆಯಲ್ಲಿ ಬೆರಳು ಎರಡು ಸಲ ಬಿತ್ತು. ಭಾವ ಥಟ್ಟನೆ ತಿರುಗಿ, "ಏಯ್, ಜೋರಿಡು!" ಎಂದರು. ನಾನು ಆಕಾಶ ನೋಡಿದೆ. ಅವರು ಮತ್ತೆ ಕುಣಿತಕ್ಕೆ ಬಿದ್ದ ಮೇಲೆ ಒಂದೇ ಸಲ ಒತ್ತಿದೆ. ಯಾರೂ ತಿರುಗಲಿಲ್ಲ. ಡೋಲು ಒಂದು ಸುತ್ತು ಬರುವವರೆಗೆ ಕಾದು ಇನ್ನೊಂದು. ಮತ್ತೆ ಕಾದು ಇನ್ನೊಂದು. ಕಳ್ಳತನವೇ ಸರಿ, ಆದರೆ ಕಿವಿ ಗಮನಿಸದಷ್ಟನ್ನೇ ಕದಿಯುತ್ತಿದ್ದೆ.

ವಾಲಗ ಅಂಗಳದಿಂದ ಎದ್ದು ಗೇಟಿನ ಕಡೆಗೆ, ಆಮೇಲೆ ಗೇಟಿನಾಚೆಗೆ ನಡೆದು ಹೋಗುತ್ತಿರುವಂತಿತ್ತು. ಕಾಲುಗಳು ಅದರ ಹಿಂದೆ ಮೆಲ್ಲಗಾದವು. ಅಷ್ಟು ಹೊತ್ತು ಇದ್ದೂ ಕೇಳಿಸದಿದ್ದವು ಒಂದೊಂದೇ ಕೇಳತೊಡಗಿದವು: ಜಲ್ಲಿಯ ಮೇಲೆ ಚಪ್ಪಲಿ, ಯಾರದೋ ಏದುಸಿರು, ಕಾಫಿ ಗಿಡಗಳಲ್ಲಿ ಜೀರುಂಡೆ. ಆಮೇಲೆ, ಬಲು ಸಣ್ಣಗೆ, ಕೊಡದ ಕಂಠಕ್ಕೆ ನೀರು ಬಡಿಯುವ ಸದ್ದು. ಹುಡುಗಿ ಅಲುಗಾಡದೆ ನಿಂತಿದ್ದಳು. ಅವಳ ಕುತ್ತಿಗೆ ಮಾತ್ರ ನಡುಗುತ್ತಿತ್ತು, ಅದರಿಂದ ನೀರು ತುಳುಕುತ್ತಿತ್ತು.

ಅದು ಭಾವನಿಗೂ ಕೇಳಿಸಿತು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಕೊಡ ನೋಡಿದರು, ಹುಡುಗಿಯ ಮುಖ ನೋಡಿದರು. ಆಮೇಲೆ ದಾರಿಯ ಅಂಚಿಗೆ ಸರಿದು, "ಬಾ ಮಗಳೇ" ಎಂದರು. ಉಳಿದವರೂ ಸರಿದರು. ಅವಳು ಅಂಗಳ ದಾಟಿ ಮೆಟ್ಟಿಲು ಹತ್ತುವವರೆಗೂ, ಕೇಳಿಸಿಯೂ ಕೇಳಿಸದಷ್ಟು ವಾಲಗ ನುಡಿಯುತ್ತಲೇ ಇತ್ತು. ಅಕ್ಕ ಕೊಡ ಇಳಿಸಿಕೊಂಡಳು. ಆಗ ಗುಂಡಿ ಒತ್ತಿ ನಿಲ್ಲಿಸಿದೆ.

ರಾತ್ರಿ ಊಟದ ಸಾಲಿನಲ್ಲಿ ಹುಡುಗಿ ನನ್ನೆದುರು ಬಂದು ನಿಂತಳು. ಕತ್ತು ತಿರುಗುತ್ತಿರಲಿಲ್ಲ, ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದಳು.

"ಮಾವ, ಬ್ಯಾಟರಿ ಮುಗೀತಾ?"

"ಮುಗೀತಮ್ಮ. ಹಳೇದು ನೋಡು."

ಅವಳು ನನ್ನ ಜೇಬಿನ ಕಡೆ ನೋಡಿದಳು. ಹಾಳಾದ್ದು, ಅಂಗಿಯ ಬಟ್ಟೆಯೊಳಗಿಂದಲೇ ಪ್ಲೇಯರಿನ ನೀಲಿ ಬೆಳಕು ಮಿಣುಕುತ್ತಿತ್ತು.

"ಪಾಪ, ಅದಕ್ಕೂ ಕುತ್ತಿಗೆ ನೋವಾಗಿರಬೇಕು" ಎಂದು ತಟ್ಟೆ ಹಿಡಿದು ಮುಂದೆ ಹೋದಳು.